ಕಬ್ಬನ್ ಪಾರ್ಕಿನ ಲೆಕ್ಕ

ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿನ ಬಿದಿರುಮೆಳೆ ಹತ್ತಿರ ನಾವೊಂದಷ್ಟು ಜನ ಪ್ಲಾಸ್ಟಿಕ್ ಹೆಕ್ಕುತ್ತಿದ್ದೆವು. ಹೊಸದಾಗಿ ಬಂದ ಹುಡುಗ ಕೇಳಿದ: “ಇದೆಲ್ಲ ಸರ್ಕಾರದ ಕೆಲಸ ಅಲ್ವಾ ಅಣ್ಣಾ?”

ಪ್ರಶ್ನೆ ಸರಿಯೇ. 1870ರಲ್ಲಿ ರಿಚರ್ಡ್ ಸ್ಯಾಂಕಿ ಕಾಲದಲ್ಲಿ ಇದನ್ನು ಮಾಡಿಸಿದ್ದೇ ಸರ್ಕಾರ. ಮೊದಲು ಮೀಡ್ಸ್ ಪಾರ್ಕ್, ಆಮೇಲೆ ಕಬ್ಬನ್. 1927ರಲ್ಲಿ ಚಾಮರಾಜೇಂದ್ರ ಉದ್ಯಾನ ಅಂತಾಯ್ತು. ಜನ ಮಾತ್ರ ಕಬ್ಬನ್ ಅನ್ನೋದು ಬಿಡಲಿಲ್ಲ. 1975ರಲ್ಲಿ ಉದ್ಯಾನಗಳನ್ನು ಕಾಯೋದಕ್ಕೆ ಕಾಯ್ದೆಯೂ ಬಂತು. ಆದರೂ 1998ರಲ್ಲಿ ಸರ್ಕಾರವೇ ಪಾರ್ಕಿನ ಒಂದಷ್ಟು ಜಾಗ ಕೈಬಿಡಲು ಹೊರಟಿತು. ಆಗ ಬೀದಿಗಿಳಿದು ಪ್ರತಿಭಟಿಸಿದ್ದು ಊರಿನ ಜನ.

“ಹೌದು ಕಣೋ, ಸರ್ಕಾರದ್ದೇ ಕೆಲಸ,” ಅಂದೆ. “ಆದ್ರೆ ವಾರವಾರ ಇಲ್ಲಿ ಬಗ್ಗಿ ಕಸ ಎತ್ತಿದವನಿಗೆ ಯಾವ ಮರ ಎಲ್ಲಿತ್ತು ಅಂತ ಗೊತ್ತಿರುತ್ತೆ. ಒಂದು ಕಾಣೆಯಾದ್ರೂ ಕೇಳ್ತಾನೆ.”

ಅವನು ಚೀಲ ಬಿಚ್ಚಿ ಹಿಡಿದ.