ಸೆರೆಯಾಳಿನ ಬೆಲೆ: ಈಲಿಯ ಸಂಕೋಲೆಯಿಂದ ಜಾರ್ಜಿಯದ ಗಣಿಯವರೆಗೆ

ಅಪೊಸ್ತಲರ ಕೃತ್ಯಗಳು 24ನೆಯ ಅಧ್ಯಾಯವನ್ನು ಕುರಿತು ಪ್ರಸಂಗ ಮಾಡುವವರು ಸಾಮಾನ್ಯವಾಗಿ 25ನೆಯ ವಚನದಲ್ಲಿ ನಿಂತುಬಿಡುತ್ತಾರೆ. ಬರಲಿರುವ ನ್ಯಾಯವಿಚಾರಣೆಯ ಮಾತು ಕೇಳಿ ಅಧಿಪತಿ ಫೇಲಿಕ್ಸನು ನಡುಗಿದ್ದು, ಆದರೂ ಮಾನಸಾಂತರವನ್ನು ಮುಂದಿನ ಅನುಕೂಲಕ್ಕೆ ಎಂದು ತಳ್ಳಿಹಾಕಿದ್ದು, ಇವು ಪ್ರಸಂಗಪೀಠಕ್ಕೆ ಒದಗಿಬರುವ ವಿಷಯಗಳು. ಮರುವಚನದಲ್ಲಿ ಲೂಕನು ಹೇಳುವ ಸಂಗತಿ ಅಷ್ಟು ಗಮನಕ್ಕೆ ಬರುವುದಿಲ್ಲ. ಪೌಲನಿಂದ ಹಣ ಸಿಕ್ಕೀತೆಂಬ ನಿರೀಕ್ಷೆಯಿಂದಲೇ ಫೇಲಿಕ್ಸನು ಅವನನ್ನು ಪದೇ ಪದೇ ಕರೆಸಿಕೊಳ್ಳುತ್ತಿದ್ದನು; ಹೀಗೆ ಎರಡು ವರುಷಗಳು ಕಳೆದವು. ತೀರ್ಪು ಬರಲಿಲ್ಲ, ಬಿಡುಗಡೆಯೂ ಆಗಲಿಲ್ಲ. ಫೇಲಿಕ್ಸನು ಕ್ರೂರಿಯಂತೆ ನಡೆದುಕೊಳ್ಳಲಿಲ್ಲ; ಪೌಲನ ಸ್ನೇಹಿತರು ಬಂದು ಉಪಚರಿಸಲು ಅಡ್ಡಿಮಾಡಬಾರದೆಂದು ಅಪ್ಪಣೆ ಕೊಟ್ಟವನೂ ಅವನೇ. ಆದರೆ ಸೆರೆಯಾಳು ಒಳಗಿರುವ ತನಕ ಹಣದ ಆಸೆಗೆ ಜೀವವಿತ್ತು. ಬಿಟ್ಟುಬಿಟ್ಟರೆ ಆ ಆಸೆಯೂ ಮುಗಿಯುತ್ತಿತ್ತು.

ಸೆರೆಯಲ್ಲಿರುವವರನ್ನು ನೋಡಲು ಹೋಗುವುದು ಸಭೆಯ ಕರ್ತವ್ಯವೆಂಬುದನ್ನು ಮತ್ತಾಯ 25ನೆಯ ಅಧ್ಯಾಯದಿಂದ ನಾವೆಲ್ಲರೂ ಕಲಿತಿದ್ದೇವೆ. ಸಭೆಯು ಈ ಕರ್ತವ್ಯವನ್ನು ಪೂರ್ತಿಯಾಗಿ ಮರೆತ ಕಾಲವೆಂದರೆ ಬಹುಶಃ ಇಲ್ಲ. ಆದರೆ ಸೆರೆಮನೆಗೆ ಹೋದವರೆಲ್ಲರೂ ಅದರ ಲೆಕ್ಕಪುಸ್ತಕವನ್ನು ನೋಡಲಿಲ್ಲ. ಈ ಮನುಷ್ಯನು ಒಳಗಿರುವುದರಿಂದ ಯಾರ ಜೇಬು ತುಂಬುತ್ತದೆ ಎಂಬ ಪ್ರಶ್ನೆಯನ್ನು ಸಭೆ ತಡವಾಗಿ ಕೇಳಿತು. ಹಾಗೆ ಕೇಳಿದಾಗ ಉತ್ತರದಲ್ಲಿ ಕೆಲವೊಮ್ಮೆ ತನ್ನ ಹೆಸರೇ ಬಂದದ್ದೂ ಉಂಟು.

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಜೈಲರನಿಗೆ ಸಾಮಾನ್ಯವಾಗಿ ಸಂಬಳವಿರಲಿಲ್ಲ. ಅವನ ಜೀವನ ನಡೆಯುತ್ತಿದ್ದುದು ಸೆರೆಯಾಳುಗಳು ತೆರುವ ಶುಲ್ಕದಿಂದ. ಒಳಗೆ ಬರುವಾಗ ಒಂದು ಶುಲ್ಕ, ಹೊರಗೆ ಹೋಗುವಾಗ ಮತ್ತೊಂದು. ಹಾಸಿಗೆ ಬೇಕಾದರೆ ಬಾಡಿಗೆ. ಕಾಲಿನ ಕೋಳ ಹಗುರಾಗಬೇಕಾದರೆ ಅದಕ್ಕೂ ದರ. ಜೈಲಿನೊಳಗೆ ಬಿಯರ್ ಮಾರುವ ಹಕ್ಕೂ ಜೈಲರನದೇ ಆಗಿತ್ತು, ಆದುದರಿಂದ ಕುಡುಕತನ ಅವನಿಗೆ ಆದಾಯ. ಸೆರೆಯಾಳುಗಳಲ್ಲಿ ಬಹುಸಂಖ್ಯೆಯವರು ಸಾಲ ತೀರಿಸಲಾರದೆ ಬಂದವರು. ಹಣವಿಲ್ಲದ ಕಾರಣಕ್ಕೆ ಬಂಧಿತನಾದವನಿಂದಲೇ ಹಣ ವಸೂಲಿ ಮಾಡುವ ಈ ಏರ್ಪಾಡು ಆ ಕಾಲದವರಿಗೆ ವಿಚಿತ್ರವೆನಿಸಲಿಲ್ಲ. ಸರ್ಕಾರಿ ಹುದ್ದೆಯನ್ನು ಆಸ್ತಿಯಂತೆ ಕೊಂಡು ಮಾರುವುದು ಅಂದಿನ ರೂಢಿಯೇ ಆಗಿತ್ತು. ಲಂಡನ್ನಿನ ಫ್ಲೀಟ್ ಸೆರೆಮನೆಯ ಮುಖ್ಯಾಧಿಕಾರವನ್ನು ಜಾನ್ ಹಗಿನ್ಸ್ 5,000 ಪೌಂಡುಗಳಿಗೆ ಕೊಂಡು, 1728ರಲ್ಲಿ ಅದೇ ಬೆಲೆಗೆ ಥಾಮಸ್ ಬ್ಯಾಂಬ್ರಿಜ್ ಮತ್ತು ಅವನ ಪಾಲುದಾರನಿಗೆ ಮಾರಿದನು. ಅಷ್ಟು ಹಣ ಹಾಕಿದವನು ಅದನ್ನು ಸೆರೆಯಾಳುಗಳಿಂದಲ್ಲದೆ ಬೇರೆಲ್ಲಿಂದ ಹಿಂದೆಗೆದಾನು?

ಅದೇ ವರುಷ ರಾಬರ್ಟ್ ಕ್ಯಾಸೆಲ್ ಎಂಬ ವಾಸ್ತುಶಿಲ್ಪಿ ಸಾಲದ ನಿಮಿತ್ತ ಫ್ಲೀಟಿಗೆ ಬಂದನು. ಬ್ಯಾಂಬ್ರಿಜ್ ಕೇಳಿದ ಶುಲ್ಕವನ್ನು ಕೊಡಲಾರದೆ ಹೋದಾಗ ಅವನನ್ನು ಸಿಡುಬು ಹರಡಿದ್ದ ಮನೆಯೊಂದರಲ್ಲಿ ಇರಿಸಲಾಯಿತು. ಅಲ್ಲಿಯೇ ಅವನು ಸಿಡುಬಿನಿಂದ ಸತ್ತನು. ಅವನ ಸ್ನೇಹಿತರಾಗಿದ್ದ ಜೇಮ್ಸ್ ಓಗಲ್‌ಥಾರ್ಪ್ ಪಾರ್ಲಿಮೆಂಟಿನ ಸದಸ್ಯರಾಗಿದ್ದುದರಿಂದ 1729ರಲ್ಲಿ ವಿಚಾರಣಾ ಸಮಿತಿ ನೇಮಕವಾಯಿತು. ಹಗಿನ್ಸ್ ಮತ್ತು ಬ್ಯಾಂಬ್ರಿಜ್ ಇಬ್ಬರ ಮೇಲೂ ಕೊಲೆಯ ಆರೋಪ ಬಂತು. ಇಬ್ಬರೂ ನಿರ್ದೋಷಿಗಳೆಂದು ಬಿಡುಗಡೆಯಾದರು. ಶುಲ್ಕದ ಪದ್ಧತಿ ಹಾಗೆಯೇ ಮುಂದುವರಿಯಿತು. ದುಷ್ಟ ಅಧಿಕಾರಿಯನ್ನು ತೆಗೆದರೆ ಸಾಕೆಂದು ಸಮಿತಿ ಭಾವಿಸಿದಂತೆ ತೋರುತ್ತದೆ. ಓಗಲ್‌ಥಾರ್ಪ್ ಅವರ ಹೆಸರನ್ನು ಓದುಗರು ನೆನಪಿನಲ್ಲಿಟ್ಟಿರಬೇಕು, ಮುಂದೆ ಬೇಕಾಗುತ್ತದೆ.

1730ರ ಆಗಸ್ಟಿನಲ್ಲಿ ಆಕ್ಸ್‌ಫರ್ಡಿನ ಕೋಟೆಯ ಜೈಲಿಗೆ ವಿಲಿಯಂ ಮಾರ್ಗನ್ ಎಂಬ ವಿದ್ಯಾರ್ಥಿಯ ಪ್ರೇರಣೆಯಿಂದ ಜಾನ್ ಮತ್ತು ಚಾರ್ಲ್ಸ್ ವೆಸ್ಲಿ ಮೊದಲ ಬಾರಿ ಹೋದರು. ಮೈಸೂರು ಸೀಮೆಯಲ್ಲಿ ಸುವಾರ್ತೆ ಸಾರಿದ ವೆಸ್ಲಿಯನ್ ಮಿಷನ್ನಿನ ಪರಂಪರೆ ನಮ್ಮ ಅನೇಕ ಸಭೆಗಳ ಬೇರಿನಲ್ಲಿರುವುದರಿಂದ ಈ ಭೇಟಿ ನಮಗೆ ದೂರದ ಸಂಗತಿಯಲ್ಲ. ಅವರು ಸೆರೆಯಾಳುಗಳೊಡನೆ ಪ್ರಾರ್ಥಿಸಿದರು. ಚಂದಾ ಕೂಡಿಸಿ ಸಣ್ಣಪುಟ್ಟ ಸಾಲದವರನ್ನು ಬಿಡಿಸಿದರು. ಆ ಪ್ರೀತಿಯನ್ನು ಕಡೆಗಣಿಸುವಂತಿಲ್ಲ. ಆದರೆ ಬಿಡುಗಡೆಯ ಶುಲ್ಕ ಸಲ್ಲದೆ ಬಾಗಿಲು ತೆರೆಯದಿದ್ದ ಕಾಲದಲ್ಲಿ ಭಕ್ತರು ಕೊಟ್ಟ ಕಾಣಿಕೆಯ ಒಂದು ಪಾಲು ಜೈಲರನ ಪೆಟ್ಟಿಗೆಗೇ ಹೋಗಿ ಬೀಳುತ್ತಿತ್ತು. ದಾನವು ಒಬ್ಬನನ್ನು ಹೊರತಂದು, ಅವನನ್ನು ಹಿಡಿದಿಟ್ಟ ವ್ಯವಸ್ಥೆಗೂ ಉಣಿಸಿತು.

ಲೆಕ್ಕಪುಸ್ತಕದ ಪ್ರಶ್ನೆಯನ್ನು ಬಿಡದೆ ಕೇಳಿದವರು ಜಾನ್ ಹೋವರ್ಡ್. ಇವರು ಆಂಗ್ಲಿಕನ್ ಸಭೆಗೆ ಸೇರದ ಸ್ವತಂತ್ರ ಸಭೆಯ ದೃಢ ಕ್ಯಾಲ್ವಿನ್‌ಮತೀಯರು. ಮೂವತ್ತರ ಪ್ರಾಯದಲ್ಲಿ ಸಮುದ್ರಯಾನದಲ್ಲಿದ್ದಾಗ ಫ್ರೆಂಚರ ಕೈಗೆ ಸಿಕ್ಕಿ ಬ್ರೆಸ್ಟ್ ಬಂದರಿನಲ್ಲಿ ಸೆರೆವಾಸದ ರುಚಿಯನ್ನು ತಾವೇ ಕಂಡವರು. 1773ರಲ್ಲಿ ಬೆಡ್‌ಫರ್ಡ್ ಕೌಂಟಿಗೆ ಶೆರಿಫರಾದರು. 'ಯಾತ್ರಿಕನ ಸಂಚಾರ'ದ ಕರ್ತೃ ಜಾನ್ ಬನ್ಯನ್ 1660ರಿಂದ 1672ರವರೆಗೆ ಸೆರೆಯಲ್ಲಿದ್ದುದು ಇದೇ ಕೌಂಟಿಯ ಜೈಲಿನಲ್ಲಿ. ಶೆರಿಫ್ ಪದವಿ ಹೆಚ್ಚುಮಟ್ಟಿಗೆ ಗೌರವದ ಹುದ್ದೆ. ಜೈಲಿನೊಳಗೆ ಕಾಲಿಡುವವರು ಕಡಮೆ. ಹೋವರ್ಡ್ ಕಾಲಿಟ್ಟರು. ನ್ಯಾಯಾಲಯವು ನಿರ್ದೋಷಿಗಳೆಂದು ತೀರ್ಮಾನಿಸಿದವರು, ಮೊಕದ್ದಮೆಯೇ ನಡೆಯದವರು ಕೂಡ ಜೈಲರನ ಶುಲ್ಕ ಕೊಡಲಾರದೆ ಮತ್ತೆ ಒಳಗೇ ಬಿದ್ದಿರುವುದನ್ನು ಅವರು ಕಂಡರು. ಜೈಲರನಿಗೆ ಸಂಬಳ ಕೊಡಿರಿ, ಶುಲ್ಕ ನಿಲ್ಲಿಸಿರಿ ಎಂದು ಮ್ಯಾಜಿಸ್ಟ್ರೇಟರನ್ನು ಕೇಳಿದರು. ಬೇರೆ ಯಾವ ಕೌಂಟಿಯಲ್ಲಾದರೂ ಹೀಗೆ ಮಾಡಿರುವರೇ, ನಿದರ್ಶನ ತೋರಿಸಿರಿ ಎಂಬ ಉತ್ತರ ಬಂತು. ನಿದರ್ಶನ ಹುಡುಕಿಕೊಂಡು ಹೋವರ್ಡ್ ಕುದುರೆಯೇರಿ ನೆರೆಯ ಕೌಂಟಿಗಳಿಗೆ ಹೊರಟರು. ನಿದರ್ಶನ ಸಿಗಲಿಲ್ಲ. ಎಲ್ಲ ಕಡೆಯೂ ಅದೇ ಅನ್ಯಾಯ ಸಿಕ್ಕಿತು.

ಅದೇ 1773ರಲ್ಲಿ ಪಾರ್ಲಿಮೆಂಟು ಜೈಲುಗಳಿಗೆ ಪಾದ್ರಿಗಳನ್ನು ನೇಮಿಸಿ ಸಂಬಳ ಕೊಡಲು ಅನುಮತಿಸುವ ಕಾಯಿದೆಯನ್ನು ಮಾಡಿತ್ತು. ಸೆರೆಯಾಳಿನ ಆತ್ಮಕ್ಕೆ ಸಾರ್ವಜನಿಕ ಹಣವೆತ್ತಲು ಹಿಂಜರಿಕೆಯಿರಲಿಲ್ಲ. ಅವನ ಕಾವಲಿಗೆ ಮಾತ್ರ ಅವನೇ ತೆರಬೇಕಾಗಿತ್ತು.

ಹೋವರ್ಡ್ ಅವರ ಗ್ರಂಥ 1777ರಲ್ಲಿ ಪ್ರಕಟವಾಯಿತು. ಇಂಗ್ಲೆಂಡು ಮತ್ತು ವೇಲ್ಸಿನ ಒಂದೊಂದು ಜೈಲಿಗೂ ಅದರಲ್ಲಿ ಲೆಕ್ಕವಿದೆ: ಜೈಲರನಿಗೆ ಸಂಬಳವೆಷ್ಟು, ಶುಲ್ಕವೆಷ್ಟು, ಪಾದ್ರಿ ಯಾರು, ಎಷ್ಟು ಮಂದಿ ಸೆರೆಯಾಳುಗಳು. ಭಾವಾವೇಶ ಕಡಮೆ, ಅಂಕಿಗಳು ಬಹಳ. ಸಭೆಯ ಚರಿತ್ರೆಯನ್ನು ಓದುವವರು ಅದರಲ್ಲಿ ಈಲಿ ಪಟ್ಟಣದ ಜೈಲಿನ ಸಂಗತಿಯನ್ನು ತಪ್ಪದೆ ನೋಡಬೇಕು. ಈಲಿಯ ಬಿಷಪರು ಆ ಪ್ರಾಂತ್ಯದ ಲೌಕಿಕ ಪ್ರಭುಗಳೂ ಆಗಿದ್ದುದರಿಂದ ಜೈಲು ಅವರ ಸ್ವತ್ತಾಗಿತ್ತು. ಕಟ್ಟಡ ಶಿಥಿಲವಾಗಿತ್ತು. ಸಾಲಗಾರನು ತಪ್ಪಿಸಿಕೊಂಡರೆ ಅವನ ಸಾಲಕ್ಕೆ ಜೈಲರನೇ ಹೊಣೆಯಾಗಬೇಕೆಂಬುದು ಅಂದಿನ ಕಾನೂನು. ಆದುದರಿಂದ ಅಲ್ಲಿನ ಜೈಲರನು ಸೆರೆಯಾಳುಗಳನ್ನು ನೆಲದ ಮೇಲೆ ಅಂಗಾತ ಮಲಗಿಸಿ, ನೆಲಕ್ಕೆ ಅಡ್ಡಲಾಗಿ ಹಾಕಿದ್ದ ಕಬ್ಬಿಣದ ಸರಳುಗಳಿಗೆ ಬಿಗಿದು, ಕೊರಳಿಗೆ ಮುಳ್ಳಿನ ಪಟ್ಟಿಯನ್ನೂ ಕಾಲುಗಳ ಮೇಲೆ ಭಾರವಾದ ಸರಳನ್ನೂ ಹಾಕುತ್ತಿದ್ದನು. ಹೋವರ್ಡ್ ಅಲ್ಲಿಗೆ ಹೋಗುವುದಕ್ಕೆ ಸುಮಾರು ಹತ್ತು ವರುಷ ಮುಂಚೆ, ದೂರುಗಳು ಬಂದ ಮೇಲೆ, ಅಂದಿನ ಬಿಷಪರು ಜೈಲಿನ ಒಂದು ಭಾಗವನ್ನು ಹೊಸದಾಗಿ ಕಟ್ಟಿಸಿದರು. ಅದನ್ನೂ ಹೋವರ್ಡ್ ನ್ಯಾಯವಾಗಿ ದಾಖಲಿಸಿದ್ದಾರೆ.

ಇಲ್ಲಿ ರಾಕ್ಷಸರು ಯಾರೂ ಇಲ್ಲ ಎಂಬುದೇ ನನ್ನನ್ನು ಹೆಚ್ಚಾಗಿ ಕಾಡುತ್ತದೆ. ಜೈಲರನು ತನ್ನ ನಷ್ಟವನ್ನು ತಪ್ಪಿಸಿಕೊಳ್ಳುತ್ತಿದ್ದನು. ಗೋಡೆಗೆ ಖರ್ಚು ಬಹಳ, ಸಂಕೋಲೆಗೆ ಕಡಮೆ. ಗೋಡೆ ಮಾಡಬೇಕಾದ ಕೆಲಸವನ್ನು ಸೆರೆಯಾಳಿನ ಕೊರಳು ಮಾಡಿತು. ಬಿಷಪರ ಅರಮನೆಯಲ್ಲಿ ಪ್ರಾರ್ಥನೆ ನಿಯಮವಾಗಿ ನಡೆಯುತ್ತಿದ್ದಿರಬೇಕು. ಈಲಿಯದು ಒಂಟಿ ಉದಾಹರಣೆಯೂ ಅಲ್ಲ. ಡರ್ಹ್ಯಾಮಿನ ಜೈಲು ಡರ್ಹ್ಯಾಮ್ ಬಿಷಪರದು. ಲಂಡನ್ನಿನ ಸದರ್ಕ್ ಭಾಗದಲ್ಲಿದ್ದ ಕ್ಲಿಂಕ್ ಎಂಬ ಸೆರೆಮನೆ ವಿಂಚೆಸ್ಟರ್ ಬಿಷಪರ ಅಧಿಕಾರಕ್ಕೆ ಸೇರಿದ್ದು.

ಹೋವರ್ಡ್ ಅವರ ಸಾಕ್ಷ್ಯದ ಫಲವಾಗಿ 1774ರಲ್ಲಿ, ನಿರ್ದೋಷಿಗಳೆಂದು ಕಂಡುಬಂದವರನ್ನು ಶುಲ್ಕವಿಲ್ಲದೆ ಬಿಡಬೇಕೆಂಬ ಕಾಯಿದೆ ಬಂತು. ಅದನ್ನು ಅವರು ಸ್ವಂತ ಖರ್ಚಿನಿಂದ ಅಚ್ಚುಹಾಕಿಸಿ ಜೈಲುಗಳಿಗೆ ಕಳುಹಿಸಿದರು. ಜೈಲಿನ ಶುಲ್ಕಗಳು ಕಾನೂನಿನಿಂದ ರದ್ದಾದದ್ದು 1815ರಲ್ಲಿ, ಅವರು ತೀರಿಕೊಂಡು ಇಪ್ಪತ್ತೈದು ವರುಷಗಳಾದ ಮೇಲೆ.

ಈಗ ಓಗಲ್‌ಥಾರ್ಪ್ ಅವರ ಕಡೆಗೆ ತಿರುಗೋಣ. ಫ್ಲೀಟಿನಲ್ಲಿ ಕಂಡ ನೋಟಗಳಿಂದ ಮನನೊಂದ ಅವರು ಬಡವರಿಗೆ ಹೊಸ ಬದುಕು ಕೊಡಬೇಕೆಂದು ಅಮೆರಿಕದಲ್ಲಿ ಒಂದು ವಸಾಹತನ್ನು ಯೋಜಿಸಿದರು. 1732ರಲ್ಲಿ ಸನ್ನದು ದೊರೆಯಿತು; 1733ರಲ್ಲಿ ಜಾರ್ಜಿಯ ಸ್ಥಾಪನೆಯಾಯಿತು. ಜೈಲಿನಿಂದ ಬಿಡುಗಡೆಯಾದ ಸಾಲಗಾರರು ಅಲ್ಲಿಗೆ ಹೋದದ್ದು ಬಹಳ ವಿರಳ, ಆದರೂ ವಸಾಹತಿನ ಹುಟ್ಟಿಗೆ ಸೆರೆಮನೆಯೇ ಕಾರಣ. ವೆಸ್ಲಿ ಸಹೋದರರೂ 1736ರಲ್ಲಿ ಅಲ್ಲಿಗೆ ಬಂದರು. ಮೊದಲಲ್ಲಿ ದಾಸತ್ವವನ್ನು ನಿಷೇಧಿಸಿದ್ದ ಆ ಪ್ರಾಂತ್ಯ ಇಪ್ಪತ್ತು ವರುಷ ತುಂಬುವುದರೊಳಗೆ ಅದನ್ನು ಒಳಗೆ ಬಿಟ್ಟುಕೊಂಡಿತು.

1865ರಲ್ಲಿ ಅಮೆರಿಕದ ಸಂವಿಧಾನದ 13ನೆಯ ತಿದ್ದುಪಡಿಯು ದಾಸತ್ವವನ್ನು ರದ್ದುಮಾಡಿದಾಗ, ಅಪರಾಧಕ್ಕೆ ಶಿಕ್ಷೆಯಾಗಿ ವಿಧಿಸುವ ಬಲವಂತದ ದುಡಿಮೆಯನ್ನು ಅದರಿಂದ ಹೊರಗಿಟ್ಟಿತು. ಆ ಕಿಂಡಿಯೊಳಗಿಂದ ಏನೇನು ನುಗ್ಗಿಬಂದೀತೆಂಬುದು ಮೂರೇ ವರುಷಗಳಲ್ಲಿ ಗೊತ್ತಾಯಿತು. 1868ರಲ್ಲಿ ಜಾರ್ಜಿಯ ಸರ್ಕಾರ ನೂರು ಮಂದಿ ಕಪ್ಪು ಜನಾಂಗದ ಕೈದಿಗಳನ್ನು ಒಂದು ವರುಷದ ಮಟ್ಟಿಗೆ 2,500 ಡಾಲರಿಗೆ ರೈಲುಹಾದಿಯ ಕೆಲಸಕ್ಕೆ ಗುತ್ತಿಗೆ ಕೊಟ್ಟಿತು. 1876ರ ಕಾಯಿದೆಯಂತೆ ರಾಜ್ಯದ ಕೈದಿಗಳನ್ನೆಲ್ಲ ಮೂರು ಕಂಪನಿಗಳಿಗೆ ಇಪ್ಪತ್ತು ವರುಷಗಳಿಗೆ ಒಪ್ಪಿಸಲಾಯಿತು. ಪ್ರತಿಯಾಗಿ ರಾಜ್ಯಕ್ಕೆ ವರುಷಕ್ಕೆ 25,000 ಡಾಲರು. ಸೆರೆಮನೆ ರಾಜ್ಯಕ್ಕೆ ಖರ್ಚಿನ ಬಾಬ್ತಾಗಿರುವುದು ತಪ್ಪಿ ವರಮಾನದ ಬಾಬ್ತಾಯಿತು. ಅಲೆಮಾರಿತನ, ಚಿಲ್ಲರೆ ಕಳ್ಳತನ ಇಂಥವುಗಳಿಗೆ ವರುಷಗಟ್ಟಲೆ ಶಿಕ್ಷೆ ವಿಧಿಸಲು ನ್ಯಾಯಾಧಿಪತಿಗಳ ಕೈ ಯಾಕೆ ತಡೆಯಬೇಕು? ದಾಸನಿಗೆ ಯಜಮಾನನು ಬೆಲೆ ಕೊಟ್ಟಿರುತ್ತಿದ್ದನು, ಸತ್ತರೆ ನಷ್ಟ. ಗುತ್ತಿಗೆಯ ಕೈದಿ ಸತ್ತರೆ ಮತ್ತೊಬ್ಬನು ಬರುತ್ತಿದ್ದನು.

ಆ ಗುತ್ತಿಗೆದಾರರಲ್ಲಿ ಪ್ರಮುಖರು ಜೋಸೆಫ್ ಬ್ರೌನ್. ಅಂತರ್ಯುದ್ಧದ ಕಾಲದಲ್ಲಿ ಜಾರ್ಜಿಯದ ಗವರ್ನರ್, ಮುಂದೆ ಸೆನೆಟರ್, ಬ್ಯಾಪ್ಟಿಸ್ಟ್ ಸಭೆಯ ಗಣ್ಯರು. ಅವರ ಡೇಡ್ ಕಲ್ಲಿದ್ದಲು ಗಣಿಗಳಲ್ಲಿ ದುಡಿಯುತ್ತಿದ್ದವರು ಈ ಕೈದಿಗಳು, ಬಹುಪಾಲು ಕಪ್ಪು ಜನಾಂಗದವರು. 1880ರಲ್ಲಿ ಬ್ರೌನ್ ಅವರು ಕೆಂಟಕಿಯ ಲೂಯಿವಿಲ್ ನಗರದಲ್ಲಿದ್ದ ಸದರ್ನ್ ಬ್ಯಾಪ್ಟಿಸ್ಟ್ ಥಿಯಲಾಜಿಕಲ್ ಸೆಮಿನರಿಗೆ 50,000 ಡಾಲರು ದಾನ ಕೊಟ್ಟರು. ಆ ಸಂಸ್ಥೆ ಹಣವಿಲ್ಲದೆ ಮುಚ್ಚುವ ಸ್ಥಿತಿಗೆ ಬಂದಿತ್ತು. ದಾನದಿಂದ ಅದು ಉಳಿಯಿತು. ದಾನಿಯ ಹೆಸರಿನಲ್ಲಿ ಒಂದು ಪ್ರಾಧ್ಯಾಪಕ ಪೀಠವೂ ಉಂಟಾಯಿತು. ಸೆಮಿನರಿಗಳ ಹಣದ ಕಷ್ಟ ಎಂಥದೆಂದು ಬಲ್ಲವರು ಅಂದಿನ ಹಿರಿಯರನ್ನು ಸುಲಭವಾಗಿ ಹಳಿಯಲಾರರು. ಅವರು ಹಣಕ್ಕಾಗಿ ಪ್ರಾರ್ಥಿಸಿದ್ದರು, ಬಂದ ಹಣವನ್ನು ಉತ್ತರವೆಂದು ತಿಳಿದರು.

ಗುತ್ತಿಗೆ ಪದ್ಧತಿಯನ್ನು ಎದುರಿಸಿದವರಲ್ಲಿ ಕ್ರೈಸ್ತ ಸ್ತ್ರೀಯರ ಮದ್ಯಪಾನ ವಿರೋಧಿ ಸಂಘದ ಮೂಲಕ ದನಿಯೆತ್ತಿದ ರೆಬೆಕ್ಕ ಫೆಲ್ಟನ್ ಒಬ್ಬರು. ಅದೇ ಫೆಲ್ಟನ್ 1897ರಲ್ಲಿ ಕಪ್ಪು ಜನಾಂಗದವರನ್ನು ಗುಂಪು ಸೇರಿ ಕೊಲ್ಲುವುದನ್ನು ಬಹಿರಂಗವಾಗಿ ಸಮರ್ಥಿಸಿದರೆಂಬುದನ್ನೂ ಮುಚ್ಚಿಡಬಾರದು; ಸುಧಾರಕರ ಚರಿತ್ರೆಯನ್ನು ಸಂತರ ಚರಿತ್ರೆಯಂತೆ ಬರೆಯಲಾಗದು. 1908ರಲ್ಲಿ ಜಾರ್ಜಿಯ ಗುತ್ತಿಗೆಯನ್ನು ನಿಲ್ಲಿಸಿತು. ಕೈದಿಗಳ ಕೋಳ ಮಾತ್ರ ಬಿಚ್ಚಲಿಲ್ಲ: ಅವರನ್ನು ಸರಪಳಿ ತಂಡಗಳಾಗಿ ಸಾರ್ವಜನಿಕ ರಸ್ತೆಗಳ ಕೆಲಸಕ್ಕೆ ಹಚ್ಚಲಾಯಿತು. ಖಾಸಗಿಯವರ ಲಾಭ ತಪ್ಪಿದ ಮಾತ್ರಕ್ಕೆ ಸೆರೆಮನೆ ನ್ಯಾಯದ ಮನೆಯಾಗುವುದಿಲ್ಲವೆಂಬುದಕ್ಕೆ ಇದೇ ಸಾಕ್ಷಿ. ಸರ್ಕಾರದ ಜೈಲುಗಳೂ ಕ್ರೂರವೇ ಅಲ್ಲವೇ ಎಂದು ಖಾಸಗಿ ಜೈಲುಗಳ ಪರವಾಗಿ ವಾದಿಸುವವರು ಹೇಳುವುದು ಸುಳ್ಳಲ್ಲ. ಆದರೆ ಸರ್ಕಾರದ ಜೈಲು ಬರಿದಾದರೆ ಪ್ರಜೆಗಳ ಹಣ ಉಳಿಯುತ್ತದೆ. ಕಂಪನಿಯ ಜೈಲು ಬರಿದಾದರೆ ಷೇರುದಾರರಿಗೆ ನಷ್ಟ.

ಅಂಥ ಕಂಪನಿ 1983ರಲ್ಲಿ ಅಮೆರಿಕದ ಟೆನಸ್ಸಿ ರಾಜ್ಯದ ನ್ಯಾಶ್‌ವಿಲ್‌ನಲ್ಲಿ ಹುಟ್ಟಿತು. ಈಗ ಹಣ ಬರುವುದು ಸೆರೆಯಾಳಿನ ಜೇಬಿನಿಂದಲ್ಲ, ಅವನ ಬೆವರಿನಿಂದಲೂ ಮುಖ್ಯವಾಗಿ ಅಲ್ಲ. ಅವನು ಒಂದು ದಿನ ಒಳಗಿದ್ದರೆ ಸರ್ಕಾರ ಕೊಡುವ ದಿನದ ದರದಿಂದ. ಹಾಸಿಗೆಗಳಲ್ಲಿ ಶೇಕಡಾ 90ರಷ್ಟು ಸದಾ ಭರ್ತಿಯಿರಬೇಕು, ಇಲ್ಲವಾದರೆ ಖಾಲಿ ಹಾಸಿಗೆಗೂ ಸರ್ಕಾರ ತೆರಬೇಕು ಎಂಬಂಥ ಷರತ್ತುಗಳೂ ಕೆಲವು ಒಪ್ಪಂದಗಳಲ್ಲಿ ಸೇರಿದವು. ಪ್ರೆಸ್ಬಿಟೇರಿಯನ್ ಸಭೆಯ ಮಹಾಸಭೆ 2003ರಲ್ಲಿ ಲಾಭಕ್ಕಾಗಿ ನಡೆಯುವ ಜೈಲುಗಳನ್ನು ರದ್ದುಮಾಡಬೇಕೆಂದು ಕರೆಕೊಟ್ಟಿತು. ಯುನೈಟೆಡ್ ಮೆಥೊಡಿಸ್ಟ್ ಸಭೆಯೂ ತನ್ನ ಸಾಮಾಜಿಕ ತತ್ತ್ವಗಳಲ್ಲಿ ಇವುಗಳನ್ನು ವಿರೋಧಿಸಿತ್ತು. ಹೀಗಿದ್ದರೂ ಅದರ ಪಾದ್ರಿಗಳ ಪಿಂಚಣಿ ನಿಧಿಯಲ್ಲಿ ಖಾಸಗಿ ಜೈಲು ಕಂಪನಿಗಳ ಷೇರುಗಳು ಇದ್ದವು. ಸುಮಾರು ಹತ್ತು ಲಕ್ಷ ಡಾಲರಿನಷ್ಟು. ಆಕ್ಸ್‌ಫರ್ಡಿನ ಜೈಲಿಗೆ ಹೋಗಿ ಪ್ರಾರ್ಥಿಸಿದ ವೆಸ್ಲಿಯವರ ಸಂತತಿಯ ಮುಪ್ಪಿನ ಊಟದಲ್ಲಿ ಜೈಲಿನ ಹಾಸಿಗೆಯ ಬಾಡಿಗೆಯೂ ಬೆರೆತಿತ್ತು. 2012ರಲ್ಲಿ ಪಿಂಚಣಿ ಮಂಡಳಿ ಅವುಗಳನ್ನು ಮಾರಿ, ಇನ್ನು ಮುಂದೆ ಕೊಳ್ಳಬಾರದೆಂದು ನಿಯಮ ಮಾಡಿತು.

ಲೂಯಿವಿಲ್ ಸೆಮಿನರಿಯು ತನ್ನ ಇತಿಹಾಸದಲ್ಲಿ ದಾಸತ್ವ ಮತ್ತು ವರ್ಣಭೇದದ ಪಾಲನ್ನು ಕುರಿತು 2018ರಲ್ಲಿ ಒಂದು ವರದಿಯನ್ನು ತಾನೇ ಪ್ರಕಟಿಸಿತು. ಬ್ರೌನ್ ಅವರ ಐಶ್ವರ್ಯದ ಬಹುಭಾಗ ಗುತ್ತಿಗೆ ಕೈದಿಗಳ ಶೋಷಣೆಯಿಂದ ಬಂದದ್ದೆಂದು ಅದರಲ್ಲಿ ಒಪ್ಪಿಕೊಂಡಿತು. ದಾನಕ್ಕೂ ಒಪ್ಪಿಗೆಗೂ ನಡುವೆ 138 ವರುಷಗಳು. 2020ರಲ್ಲಿ ಅದರ ಆಡಳಿತ ಮಂಡಳಿ ಬ್ರೌನ್ ಹೆಸರಿನ ಪೀಠವನ್ನು ತೆರವುಗೊಳಿಸಿತು. ಆ ಪೀಠದಲ್ಲಿ ಆಗ ಇದ್ದವರು ಸೆಮಿನರಿಯ ಅಧ್ಯಕ್ಷರೇ. ಬೋಧನೆಯ ವಿಷಯ ಕ್ರೈಸ್ತ ದೈವಶಾಸ್ತ್ರ.