ಅಲ್ಮಾ, ಗುಲಾಮ, ಬಾಳು

ಹಾಸನದ ಶೆಟ್ಟಿಹಳ್ಳಿಯಲ್ಲಿ ಹೇಮಾವತಿ ಹಿನ್ನೀರಿಗೆ ಸಿಕ್ಕಿ ಪಾಳುಬಿದ್ದ ಚರ್ಚನ್ನು ನಮ್ಮ ಓದುಗರಲ್ಲಿ ಅನೇಕರು ನೋಡಿರುತ್ತೀರಿ. 19ನೇ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ, ಜಪಮಾಲೆ ಮಾತೆಯ ಹೆಸರಿನ ಚರ್ಚು ಅದು. ಆ ಪಾದ್ರಿಗಳು ಓದುತ್ತಿದ್ದದ್ದು ಲ್ಯಾಟಿನ್ ಬೈಬಲ್. ಯೆಶಾಯನ ಪ್ರವಾದನೆಯಲ್ಲಿ (7:14) ಇಮ್ಮಾನುವೇಲನನ್ನು ಹೆರುವವಳು ಅದರಲ್ಲಿ 'ವಿರ್ಗೊ', ಅಂದರೆ ಕನ್ಯೆ. ಹೀಬ್ರೂ ಮೂಲದಲ್ಲಿ ಇರುವ ಪದ 'ಅಲ್ಮಾ'. ಜಗಳವೆಲ್ಲ ಈ ಒಂದು ಪದದ್ದು.

ಲ್ಯಾಟಿನ್‌ಗೆ ಅನುವಾದಿಸಿದ ಜೆರೋಮ್ ಇದನ್ನು 'ಮರೆಮಾಡು' ಎಂಬ ಧಾತುವಿಗೆ ಜೋಡಿಸಿದ: ಪರರ ಕಣ್ಣಿಗೆ ಬೀಳದಂತೆ ಕಾಪಾಡಿದ ಕನ್ಯೆಯೇ ಅಲ್ಮಾ. ಕೇಳೋಕೆ ಚೆನ್ನಾಗಿದೆ. ಆದರೆ ಅಕ್ಷರ ಒಂದೇ ಅಂದ ಮಾತ್ರಕ್ಕೆ ಧಾತು ಒಂದೇ ಆಗಬೇಕಿಲ್ಲ ಅನ್ನೋದು ಶಾಸನ ಓದುವವರಿಗೆ ಗೊತ್ತು. ಹಳಗನ್ನಡದ 'ಬಾೞ್' ಬದುಕು, 'ಬಾಳ್' ಕತ್ತಿ. ೞಕಾರ ಬಿದ್ದುಹೋದ ಮೇಲೆ ಎರಡೂ 'ಬಾಳು'. ಆತಕೂರು ಶಾಸನದ 'ಬಾಳ್ಗಚ್ಚು' ಕತ್ತಿ ತೊಳೆದು ಕೊಡುವ ದತ್ತಿ. ಅದರಲ್ಲಿ ಬದುಕನ್ನು ಹುಡುಕಿದರೆ ಕೆಟ್ಟೆವು.

ಹೀಬ್ರೂವಿನಲ್ಲೂ ಹೀಗೇ. ಅಲ್ಮಾದ ಮೊದಲಕ್ಷರ 'ಅಯಿನ್' ಹಿಂದೆ ಎರಡು ಧ್ವನಿಗಳಿಗೆ ಸಲ್ಲುತ್ತಿತ್ತು, ಇನ್ನೊಂದು 'ಘಯಿನ್'. ಹೀಬ್ರೂವಿನ 'ಅಜ್ಜಾ' ಗ್ರೀಕರ ಬಾಯಲ್ಲಿ 'ಗಾಜಾ' ಆದದ್ದು ಅದಕ್ಕೇ. ಅರಬ್ಬಿ ಈ ಘಯಿನ್ ಉಳಿಸಿಕೊಂಡಿದೆ: 'ಘುಲಾಮ್' ಅಂದರೆ ಹುಡುಗ, ಆಮೇಲೆ ಸೇವಕ. ನಮ್ಮ 'ಗುಲಾಮ' ಬಂದದ್ದು ಅಲ್ಲಿಂದಲೇ! ಅಲ್ಮಾಗೆ ನಮ್ಮ ನುಡಿಯಲ್ಲೂ ಒಬ್ಬ ದೂರದ ನೆಂಟ ಇದ್ದಾನೆ.

ಇನ್ನೂ ಗಟ್ಟಿ ಸಾಕ್ಷಿ ಸಿರಿಯಾದ ಉಗರಿತ್‌ನದು. 1929ರಿಂದ ಅಲ್ಲಿ ಅಗೆದು ತೆಗೆದ ಮಣ್ಣಿನ ಫಲಕಗಳಲ್ಲಿ ಘಯಿನ್‌ಗೆ ಬೇರೆಯದೇ ಅಕ್ಷರವಿದೆ. 'ಘ್ಲ್ಮ್ತ್' ಎಂಬ ಪದ ಆ ಅಕ್ಷರದಿಂದಲೇ ಶುರುವಾಗುತ್ತದೆ. ಅರ್ಥ, ಹರೆಯದ ಹೆಣ್ಣು. ಚಂದ್ರದೇವನ ಮದುವೆಯ ಹಾಡೊಂದರಲ್ಲಿ ಅಂಥವಳು ಮಗನನ್ನು ಹೆರುವಳೆಂಬ ಮಾತು ಯೆಶಾಯನ ವಾಕ್ಯದ ಅಚ್ಚಿನಲ್ಲೇ ಇದೆ. ಯೆಶಾಯ ಅದನ್ನು ನಕಲು ಮಾಡಿದ ಅಂತಲ್ಲ. ಇಂಥ ನುಡಿಗಟ್ಟು ಆ ಸೀಮೆಯಲ್ಲಿ ಹಳೆಯದು.

ಬೈಬಲ್ಲಿನ ಒಳಗೇ ಇನ್ನೊಂದು ಸಾಕ್ಷಿ. ಇದೇ ಪದದ ಗಂಡುರೂಪ 'ಏಲೆಮ್' ಅನ್ನು ಗೊಲ್ಯಾತನನ್ನು ಎದುರಿಸಲು ರಣರಂಗಕ್ಕೆ ಹೊರಟ ದಾವೀದನಿಗೆ ಹೇಳಿದೆ. ಅವನೇನು ಮರೆಯಲ್ಲಿದ್ದವನೇ? ರೆಬೆಕ್ಕಳನ್ನು ಒಂದೇ ಅಧ್ಯಾಯದಲ್ಲಿ ಅಲ್ಮಾ ಎಂದೂ, ಕನ್ಯೆಯೆಂದು ಸ್ಪಷ್ಟಪಡಿಸುವ 'ಬೆತೂಲಾ' ಎಂದೂ ಕರೆದಿದೆ. ಹಾಗಾಗಿ ಅಲ್ಮಾ ವಯಸ್ಸನ್ನು ಹೇಳುವ ಪದ. ಕನ್ಯತ್ವವನ್ನು ಸಾರುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ. 'ಪಾರ್ಥೆನೋಸ್' ಎಂದು ಕನ್ಯೆಯನ್ನು ಎತ್ತಿಹಿಡಿದದ್ದು ಕ್ರಿಸ್ತಪೂರ್ವದ ಗ್ರೀಕ್ ಅನುವಾದ. ಮತ್ತಾಯ ಅದನ್ನೇ ಬಳಸಿಕೊಂಡ. ನಂಬಿಕೆ ಅವರವರದು, ಪದಕೋಶದ ಕೆಲಸವೇ ಬೇರೆ.

1947ರಲ್ಲಿ ಕುಮ್ರಾನಿನ ಗುಹೆಯಲ್ಲಿ ಸಿಕ್ಕ ಯೆಶಾಯನ ಸುರುಳಿಯಲ್ಲೂ ಇರುವುದು ಅಲ್ಮಾ ಪದವೇ. ಮುದ್ರಿತ ಹೀಬ್ರೂ ಪಾಠದಲ್ಲಿ ಎರಡಾಗಿ ಬಿಡಿಸಿ ಬರೆದ 'ಇಮ್ಮಾನು ಏಲ್' ಮಾತ್ರ ಆ ಸುರುಳಿಯಲ್ಲಿ ಕೂಡಿಕೊಂಡು ಒಂದೇ ಪದವಾಗಿದೆ.