ಬೆಲ್ಲದ ಸೀಮೆಯ ಕಳ್ಳಭಟ್ಟಿ: ಪರೀಕ್ಷೆ ಯಾವ ವಿಷವನ್ನು ಹುಡುಕಬೇಕು?

ವಿಷಮದ್ಯದ ಸಾವು ವರದಿಯಾದಾಗ ಮೊದಲು ಕೇಳಿಬರುವ ಹೆಸರು ಮೆಥನಾಲ್. 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಮಂದಿ ಸತ್ತರು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿ ಸೀಮೆಯಲ್ಲಿ 150ಕ್ಕೂ ಹೆಚ್ಚು ಮಂದಿ ಬಲಿಯಾದರು. ರಾಜ್ಯದಲ್ಲಿ ಸಾರಾಯಿ ನಿಷೇಧವಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಮಟ್ಟಿಗೆ ಪರೀಕ್ಷೆ ಮೆಥನಾಲಿನಲ್ಲೇ ನಿಲ್ಲಬಾರದೆಂಬುದು ನನ್ನ ವಾದ. ಇದು ಕಬ್ಬು, ಆಲೆಮನೆಗಳ ಸೀಮೆ. ಕಳ್ಳಭಟ್ಟಿಗೆ ಸುಲಭವಾಗಿ ಸಿಗುವ ಮೂಲವಸ್ತು ಬೆಲ್ಲ. ಮೆಥನಾಲ್ ಹುಟ್ಟುವುದು ಮುಖ್ಯವಾಗಿ ಹಣ್ಣು, ತೊಗಟೆಗಳ ಪೆಕ್ಟಿನ್‌ನಿಂದ. ಬೆಲ್ಲದಲ್ಲಿ ಅದು ಅತ್ಯಲ್ಪ. ಹಾಗಾಗಿ ಬೆಲ್ಲದ ಕೊಳೆಯಿಂದ (ಹುದುಗಿಸಿದ ದ್ರಾವಣದಿಂದ) ಇಳಿಸಿದ ಸಾರಾಯಿಯಲ್ಲಿ ಮೆಥನಾಲ್ ಹೇರಳವಾಗಿ ಸಿಕ್ಕರೆ, ಕೈಗಾರಿಕಾ ಸ್ಪಿರಿಟ್ ಬೆರೆಸಿದ್ದಾರೆಂದೇ ಮೊದಲು ಶಂಕಿಸಬೇಕು. ತನಿಖೆಯ ದಿಕ್ಕು ಆಗ ಭಟ್ಟಿಯಿಂದ ಸ್ಪಿರಿಟ್ ಸಾಗಣೆಯತ್ತ ತಿರುಗುತ್ತದೆ.

ಭಟ್ಟಿಯದೇ ವಿಷಗಳು ಬೇರೆ. ಬೆಸುಗೆ ಹಾಕಿದ ಕೊಳವೆ, ಹಳೆಯ ವಾಹನದ ರೇಡಿಯೇಟರ್ ಬಳಸಿದರೆ ಸೀಸ ಇಳಿಯುತ್ತದೆ; ತಾಮ್ರದ ಕೊಳವೆಯನ್ನು ಆಮ್ಲೀಯ ದ್ರವ ಕರಗಿಸುತ್ತದೆ. ಹುದುಗು ಬೇಗ ಬರಲೆಂದು ಯೂರಿಯ ಹಾಕಿದ್ದರೆ ಅದು ಎಥನಾಲಿನೊಡನೆ ಸೇರಿ ಈಥೈಲ್ ಕಾರ್ಬಮೇಟ್ ಆಗಬಲ್ಲದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಕ್ಯಾನ್ಸರ್ ತರುವ ಸಂಭವವುಳ್ಳ ವಸ್ತುವೆಂದು ವರ್ಗೀಕರಿಸಿದೆ. ಇವು ಒಂದೇ ರಾತ್ರಿಯಲ್ಲಿ ಕೊಲ್ಲುವುದಿಲ್ಲ, ಆದ್ದರಿಂದಲೇ ಸುದ್ದಿಯಾಗುವುದಿಲ್ಲ.

ಮೊದಲ ಹನಿಗಳನ್ನು ಚೆಲ್ಲಿದರೆ ವಿಷ ಹೋಯಿತೆಂಬ ನಂಬಿಕೆ ಅಪಾಯಕಾರಿ. ಮೆಥನಾಲ್ 64.7 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಎಥನಾಲ್ 78.4ರಲ್ಲಿ ಕುದಿಯುವುದು ನಿಜ. ಆದರೆ ನೀರು ಬೆರೆತ ಮಿಶ್ರಣದಲ್ಲಿ ಅವು ಹಾಗೆ ಬೇರೆಯಾಗವು. ಮೆಥನಾಲ್ ಕೊನೆಯವರೆಗೂ ಇಳಿಯುತ್ತಿರುತ್ತದೆ. ಬೆಂಕಿ ಹಚ್ಚಿ ಬಣ್ಣ ನೋಡುವುದರಿಂದಲೂ ಅದು ಪತ್ತೆಯಾಗದು.

ಪ್ರಯೋಗಾಲಯದ ಸರಳ ವಿಧಾನ ಕ್ರೋಮೋಟ್ರೋಪಿಕ್ ಆಮ್ಲದ್ದು. ಪೊಟ್ಯಾಸಿಯಂ ಪರ್ಮಾಂಗನೇಟ್ ಮೆಥನಾಲನ್ನು ಫಾರ್ಮಾಲ್ಡಿಹೈಡ್ ಆಗಿಸಿದ ಮೇಲೆ ಗಂಧಕಾಮ್ಲದ ಸಮ್ಮುಖದಲ್ಲಿ ನೇರಳೆ ಬಣ್ಣ ಮೂಡುತ್ತದೆ. ಮಾದರಿಯಲ್ಲಿ ಮೊದಲೇ ಫಾರ್ಮಾಲ್ಡಿಹೈಡ್ ಇದ್ದರೂ ಅದೇ ಬಣ್ಣ ಬರುವುದರಿಂದ, ಪರ್ಮಾಂಗನೇಟ್ ಇಲ್ಲದೆಯೂ ಒಮ್ಮೆ ನೋಡಬೇಕು. ನಿಖರ ಪ್ರಮಾಣಕ್ಕೆ ಗ್ಯಾಸ್ ಕ್ರೊಮ್ಯಾಟೋಗ್ರಫಿ ಬೇಕು. ಸೀಸ, ತಾಮ್ರ ಅದರಲ್ಲಿ ಕಾಣಿಸವು. ಅವಕ್ಕೆ ಪರಮಾಣು ಹೀರಿಕೆಯ ರೋಹಿತಮಾಪಕ.

ದಾಳಿಯಲ್ಲಿ ಸಿಕ್ಕ ಕೊಳೆಯನ್ನು ಸ್ಥಳದಲ್ಲೇ ಚೆಲ್ಲುವ ಮುನ್ನ ಕೊಳೆ, ಇಳಿಸಿದ ಸಾರಾಯಿ ಎರಡರ ಮಾದರಿಯನ್ನೂ ತೆಗೆಯಬೇಕು, ಕೊಳವೆಯ ಲೋಹವನ್ನೂ ದಾಖಲಿಸಬೇಕು. ಮೆಥನಾಲ್ ಸಿಕ್ಕರೆ ವರದಿ ನ್ಯಾಯಾಲಯಕ್ಕಿಂತ ಮೊದಲು ಆಸ್ಪತ್ರೆ ತಲುಪಲಿ. ದೇಹದಲ್ಲಿ ಅದು ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಕೆಡಿಸಿ ಲಕ್ಷಣ ತೋರಲು ಸಾಮಾನ್ಯವಾಗಿ 12ರಿಂದ 24 ಗಂಟೆ ಹಿಡಿಯುತ್ತದೆ. ಕುಡಿದವರನ್ನು ಹುಡುಕಿ ಕರೆತಂದು ಫೋಮೆಪಿಜೋಲ್ ಅಥವಾ ಎಥನಾಲ್ ಚಿಕಿತ್ಸೆ ಕೊಡಲು ಸಿಗುವುದು ಅಷ್ಟೇ ಹೊತ್ತು.